ಮನೆ ಮುಂದೆ ಗಾಡಿ ನಿಲ್ಲಿಸುವ ಮುನ್ನ: ಬೆಂಗಳೂರಿನ ಬಡಾವಣೆಗಳಲ್ಲಿ ನಿಯಮ, ಅಳತೆ, ದೂರಿನ ದಾರಿ

ಕಾಂಪೌಂಡ್ ಗೋಡೆಯ ಹೊರಮೈಗೆ ನಿಮ್ಮ ಆಸ್ತಿ ಮುಗಿಯಿತು. ಅಲ್ಲಿಂದಾಚೆಗಿನ ಮೋರಿ, ಅದರ ಮೇಲಿನ ಚಪ್ಪಡಿ, ಫುಟ್‌ಪಾತ್, ಟಾರು ಎಲ್ಲವೂ ಸಾರ್ವಜನಿಕರದು. ಕ್ರಯಪತ್ರದಲ್ಲಾಗಲಿ ಖಾತೆಯಲ್ಲಾಗಲಿ ‘ಮನೆ ಮುಂದಿನ ಜಾಗ’ ಎಂಬ ಬಾಬತ್ತು ಇರುವುದಿಲ್ಲ. ಬಡಾವಣೆಗಳಲ್ಲಿ ಗಾಡಿ ನಿಲ್ಲಿಸುವ ವಿಚಾರಕ್ಕೆ ಆಗುವ ಜಗಳಗಳಲ್ಲಿ ಹೆಚ್ಚಿನವು ಇಷ್ಟನ್ನು ಒಪ್ಪಿಕೊಳ್ಳದಿರುವುದರಿಂದಲೇ ಹುಟ್ಟುತ್ತವೆ. ಹಾಗೆಂದು ರಸ್ತೆಯಲ್ಲಿ ಕಾರು ನಿಲ್ಲಿಸುವುದೇ ತಪ್ಪು ಎಂದೂ ಕಾನೂನು ಹೇಳಿಲ್ಲ. ನಿಂತ ಗಾಡಿಯಿಂದ ಬೇರೆಯವರ ಓಡಾಟಕ್ಕೆ ಅಡ್ಡಿಯಾಗುತ್ತಿದೆಯೇ, ಅದಕ್ಕೆ ಹೇಳುವವರು ಕೇಳುವವರು ಇದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಅದು ಕೇಳುತ್ತದೆ.

ಯಾವ ಕಾನೂನು, ಎಷ್ಟು ದಂಡ

ಮೋಟಾರು ವಾಹನ ಕಾಯ್ದೆ 1988ರ ಕಲಂ 122ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅಪಾಯ, ಅಡಚಣೆ ಅಥವಾ ವಿಪರೀತ ತೊಂದರೆ ಆಗುವಂತೆ ಗಾಡಿ ನಿಲ್ಲಿಸಕೂಡದು, ಬಿಟ್ಟು ಹೋಗಲೂಕೂಡದು. ಕಲಂ 127 ಇನ್ನೂ ಮುಖ್ಯ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನೂ, ನಿಲುಗಡೆ ನಿಷೇಧವಿರುವ ಕಡೆ ನಿಂತ ಗಾಡಿಯನ್ನೂ ಟೋ ಮಾಡಿಸಲು ಅಥವಾ ಚಕ್ರಕ್ಕೆ ಕ್ಲ್ಯಾಂಪ್ ಹಾಕಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಇದು ಅಧಿಕಾರ ಕೊಡುತ್ತದೆ. ಎಳೆದೊಯ್ದ ಖರ್ಚು ಮಾಲೀಕನದೇ, ದಂಡ ಬೇರೆ. ಅಕ್ಷರಶಃ ಓದಿದರೆ ರಾತ್ರಿ ಎಂಟಕ್ಕೆ ನಿಲ್ಲಿಸಿ ಬೆಳಿಗ್ಗೆ ಏಳಕ್ಕೆ ತೆಗೆಯುವ ಕಾರೂ ಈ ಲೆಕ್ಕಕ್ಕೆ ಬರುತ್ತದೆ. ಆದರೆ ನಿತ್ಯ ಹೋಗಿಬರುವ ಗಾಡಿಯ ಮೇಲೆ ಈ ಕಲಂ ಬಳಸುವುದು ಅಪರೂಪ. ಅಡಚಣೆ ಅಥವಾ ದೂರು ಇದ್ದಾಗ ಪೊಲೀಸರು ಇದನ್ನು ಕೈಗೆತ್ತಿಕೊಳ್ಳುತ್ತಾರೆ.

ಎಲ್ಲೆಲ್ಲಿ ನಿಲ್ಲಿಸಬಾರದು ಎಂಬುದರ ವಿವರ 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲಿದೆ. ಅದನ್ನು ಮೀರಿದರೆ ಕಲಂ 177ಎ ಪ್ರಕಾರ 500ರಿಂದ 1,000 ರೂಪಾಯಿ ದಂಡ. ಸಂಚಾರಕ್ಕೆ ಅಡ್ಡಿಯಾಗುವಂತೆ ನಿಲ್ಲಿಸಿದರೆ ಕಲಂ 201ರ ಅಡಿಯಲ್ಲಿ 500 ರೂಪಾಯಿವರೆಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 285 ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಬರೀ 200 ರೂಪಾಯಿ ಇತ್ತು.

ಮನೆಗೊಂದು ವಾರ್ಷಿಕ ಪರವಾನಗಿ ಕೊಟ್ಟು ಶುಲ್ಕ ವಸೂಲಿ ಮಾಡುವ ಆಲೋಚನೆ ಸರ್ಕಾರ 2021ರಲ್ಲಿ ಒಪ್ಪಿದ ಪಾರ್ಕಿಂಗ್ ನೀತಿ 2.0ರಲ್ಲಿದೆ. ನಿಮ್ಮ ರಸ್ತೆಗೆ ಅಂಥ ಅಧಿಸೂಚನೆ ಬಂದು, ನಿಮ್ಮ ಕೈಗೆ ಪರವಾನಗಿ ಸಿಗುವ ತನಕ ರಸ್ತೆಯ ಯಾವ ಮೂಲೆಯೂ ನಿಮಗೆ ಮೀಸಲಲ್ಲ.

ಮೊದಲ ಹೆಜ್ಜೆ: ರಸ್ತೆ ಅಳೆಯಿರಿ

ನಿಯಮ ಓದುವುದಕ್ಕಿಂತ ಮೊದಲು ಒಂದು ಟೇಪು ಹಿಡಿದು ಹೊರಗೆ ಬನ್ನಿ. ‘30 ಅಡಿ ರಸ್ತೆ’ ಎಂದರೆ ಕಾಂಪೌಂಡಿನಿಂದ ಕಾಂಪೌಂಡಿಗೆ ಸುಮಾರು 9 ಮೀಟರ್. ಎರಡೂ ಬದಿಯ ಮೋರಿ, ಫುಟ್‌ಪಾತ್, ಮನೆಯವರು ಕಟ್ಟಿಕೊಂಡ ರ‍್ಯಾಂಪು ಕಳೆದರೆ ಟಾರು ಉಳಿಯುವುದು 6 ಮೀಟರ್ ಆಸುಪಾಸು. ಅಳತೆಯನ್ನು ರಸ್ತೆಯ ಅತಿ ಕಿರಿದಾದ ಜಾಗದಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್, ವಿದ್ಯುತ್ ಕಂಬ ಅಥವಾ ದೊಡ್ಡ ಮರದ ಬುಡದ ಹತ್ತಿರ ತೆಗೆದುಕೊಳ್ಳಿ.

ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್, ಎಸ್‌ಯುವಿ ಆದರೆ 1.8ರಿಂದ 1.9. ಕನ್ನಡಿ ಮತ್ತು ಅಂಚಿನಿಂದ ಬಿಡುವ ಗೇಣು ಜಾಗ ಸೇರಿಸಿ ಒಂದು ಕಾರಿಗೆ 2 ಮೀಟರ್ ಹಿಡಿಯಿರಿ. ಅಗ್ನಿಶಾಮಕ ವಾಹನದ ಅಗಲ ಸುಮಾರು 2.5 ಮೀಟರ್, ಅದು ತಾಗದೆ ಸಾಗಲು 3 ಮೀಟರ್ ಬೇಕೇಬೇಕು. ಈಗ ಲೆಕ್ಕ ಹಾಕಿ: 6 ಮೀಟರ್ ಟಾರಿನಲ್ಲಿ ಎರಡೂ ಕಡೆ ಕಾರು ನಿಂತರೆ ಉಳಿಯುವುದು 2 ಮೀಟರ್. ಬೆಂಕಿ ಬಿದ್ದ ರಾತ್ರಿ ಆ ರಸ್ತೆಗೆ ನೀರಿನ ಗಾಡಿ ಬರುವುದಿಲ್ಲ, ಆಂಬುಲೆನ್ಸೂ ತಿಣುಕಬೇಕು. ಒಂದೇ ಕಡೆ ನಿಂತರೆ 4 ಮೀಟರ್ ಉಳಿಯುತ್ತದೆ, ಸಾಕು.

ಹಾಗಾಗಿ 40 ಅಡಿ ರಸ್ತೆಯಲ್ಲಿ ಎರಡೂ ಬದಿ ನಿಲ್ಲಿಸಬಹುದು, 30 ಅಡಿಯಲ್ಲಿ ಒಂದೇ ಬದಿ. 20 ಅಡಿ ರಸ್ತೆಯಲ್ಲಿ ಟಾರೇ 4ರಿಂದ 4.5 ಮೀಟರ್ ಇರುವುದರಿಂದ ರಾತ್ರಿ ಕಾರು ಬಿಡಲೇಬಾರದು. ಇದು ಕಾನೂನಿನಲ್ಲಿ ಬರೆದ ಸೂತ್ರವಲ್ಲ, ಆದರೆ ಕಲಂ 122ರ ‘ಅಡಚಣೆ’ ಎಂಬ ಮಾತನ್ನು ಟೇಪಿನ ಮೇಲೆ ಇಟ್ಟು ನೋಡಿದರೆ ಬರುವ ಉತ್ತರ ಇದೇ. 30 ಅಡಿ ರಸ್ತೆಯ ನಿವಾಸಿಗಳು ಕೂತು ‘ಬೆಸ ತಿಂಗಳು ಎಡಬದಿ, ಸಮ ತಿಂಗಳು ಬಲಬದಿ’ ಎಂದು ಮಾತಾಡಿಕೊಂಡರೆ ಜಗಳ ಬಹಳ ಕಡಿಮೆಯಾಗುತ್ತದೆ. ಅದು ಪರಸ್ಪರ ಒಪ್ಪಂದವಷ್ಟೇ, ಹೊರಗಿನವರ ಮೇಲೆ ಹೇರಲು ಬರುವುದಿಲ್ಲ.

ಎರಡನೇ ಹೆಜ್ಜೆ: ಎಂದೂ ನಿಲ್ಲಿಸಬಾರದ ಜಾಗ

ಫುಟ್‌ಪಾತ್, ಸೈಕಲ್ ಪಥ, ಜೀಬ್ರಾ ಗೆರೆ. ಬಸ್ ನಿಲ್ದಾಣದ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲ ಬಳಿ. ಯಾವುದೇ ಆಸ್ತಿಯ ಒಳಹೋಗುವ, ಹೊರಬರುವ ದಾರಿಯ ಎದುರು. ಸಂಚಾರ ಫಲಕ ಮರೆಯಾಗುವಂತೆ. ಇನ್ನೊಂದು ನಿಂತ ಗಾಡಿಯ ಪಕ್ಕಕ್ಕೆ ಅಥವಾ ಎದುರಿಗೆ ದಾರಿ ಕಟ್ಟುವಂತೆ. ಅಂಗವಿಕಲರಿಗೆ ಮೀಸಲಿಟ್ಟ ಜಾಗದಲ್ಲಿ.

ಜನ ಮರೆಯುವುದು ತಿರುವಿನ ನಿಯಮವನ್ನು. ಅಡ್ಡರಸ್ತೆ ಸೇರುವ ಅಂಚಿನಿಂದ 50 ಮೀಟರ್‌ವರೆಗೆ ನಿಲ್ಲಿಸುವಂತಿಲ್ಲ ಎಂದು 2017ರ ನಿಬಂಧನೆ ಹೇಳುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಕ್ರಾಸಿಗೂ ಇನ್ನೊಂದಕ್ಕೂ ಇರುವ ದೂರವೇ ಅಷ್ಟಿರುವುದಿಲ್ಲವಾದ್ದರಿಂದ ಪೂರ್ತಿ ಪಾಲನೆ ಎಲ್ಲೂ ಕಾಣುವುದಿಲ್ಲ. ಆದರೂ ಮೂಲೆಯಿಂದ ಕನಿಷ್ಠ ಎರಡು ಮೂರು ಕಾರಿನುದ್ದ, ಅಂದರೆ 10ರಿಂದ 15 ಮೀಟರ್ ಖಾಲಿ ಬಿಡಿ. ಕಸದ ಆಟೊ ಮತ್ತು ಶಾಲಾ ವ್ಯಾನು ತಿರುಗುವುದು ಅಲ್ಲೇ, ಸ್ಕೂಟರಿನವರಿಗೆ ಅಡ್ಡಬರುವ ಗಾಡಿ ಕಾಣದೆ ಡಿಕ್ಕಿಯಾಗುವುದೂ ಅಲ್ಲೇ. ಮೂಲೆಯಲ್ಲಿ ನಿಲ್ಲಿಸಿ ದೂರು ಬಂದರೆ ವಾದಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಫುಟ್‌ಪಾತಿನ ಮೇಲೆ ಎರಡು ಚಕ್ರ ಹತ್ತಿಸಿ ‘ರಸ್ತೆಗೆ ಜಾಗ ಬಿಟ್ಟಿದ್ದೇನೆ’ ಎನ್ನುವ ವಾಡಿಕೆಗೂ ರಿಯಾಯಿತಿ ಇಲ್ಲ. ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಚಪ್ಪಡಿ ಕಲ್ಲಿನ ಮೇಲೆ ಒಂದು ಟನ್ನಿನ ಕಾರು ನಿಂತರೆ ಕಲ್ಲು ಬಿರಿಯುತ್ತದೆ, ಮುಂದಿನ ಮಳೆಗಾಲಕ್ಕೆ ಯಾರದೋ ಕಾಲು ಮೋರಿಗೆ ಇಳಿಯುತ್ತದೆ. ಎಲೆಕ್ಟ್ರಿಕ್ ಗಾಡಿಯನ್ನು ಹೊರಗೆ ನಿಲ್ಲಿಸಿ ಫುಟ್‌ಪಾತ್ ದಾಟಿಸಿ ವೈರು ಎಳೆಯುವುದೂ ಬೇಡ. ನಡೆಯುವವರು ಎಡವುತ್ತಾರೆ, ಮಳೆಯಲ್ಲಿ ಅದು ನೇರ ಅಪಾಯ.

ಮೂರನೇ ಹೆಜ್ಜೆ: ಗೇಟು, ಹೂಕುಂಡ, ಬೋರ್ಡು

ನಿಮ್ಮ ಗೇಟಿನೆದುರು ಬೇರೆಯವರು ನಿಲ್ಲಿಸಿದರೆ ಅದು ಸ್ಪಷ್ಟ ಉಲ್ಲಂಘನೆ. ಗೇಟಿನ ಪಕ್ಕದ ಕಾಂಪೌಂಡಿಗೆ ಒತ್ತಿ, ಗೇಟಿಗೆ ಅಡ್ಡವಾಗದಂತೆ ನಿಲ್ಲಿಸಿದರೆ ಉಲ್ಲಂಘನೆ ಅಲ್ಲ, ಅದು ನಿಮ್ಮ ಗೋಡೆಯೇ ಆಗಿದ್ದರೂ. ಈ ವ್ಯತ್ಯಾಸ ಗೊತ್ತಿದ್ದರೆ ಯಾವಾಗ ಪೊಲೀಸರನ್ನು ಕರೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ತಿಳಿಯುತ್ತದೆ.

ನಿಲುಗಡೆ ಎಲ್ಲಿರಬೇಕೆಂದು ಗೊತ್ತುಪಡಿಸುವ ಅಧಿಕಾರ ಕಲಂ 117ರಂತೆ ಸರ್ಕಾರ ಅಥವಾ ಅದು ನೇಮಿಸಿದ ಪ್ರಾಧಿಕಾರದ್ದು. ಮನೆಯವರು ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್, ಟಯರ್ ಗಾಳಿ ತೆಗೆಯಲಾಗುವುದು’ ಎಂಬ ಬೋರ್ಡಿಗೆ ಕಾನೂನಿನ ಬಲವಿಲ್ಲ. ಗಾಳಿ ನಿಜವಾಗಿಯೂ ತೆಗೆದರೆ, ಗೀಚಿದರೆ, ಕನ್ನಡಿ ಮುರಿದರೆ ನ್ಯಾಯ ಸಂಹಿತೆಯ ಕಲಂ 324ರ ಅಡಿ ನಿಮ್ಮ ಮೇಲೆಯೇ ದೂರು ಬರಬಹುದು. ಟಾರಿನ ಮೇಲೆ ಇಟ್ಟ ಕಲ್ಲು, ಸಿಮೆಂಟ್ ತುಂಬಿದ ಟಯರು, ಸರಪಳಿ, ನೆಟ್ಟ ಕಬ್ಬಿಣದ ಕೊಳವೆ, ಸಾಲು ಹೂಕುಂಡ ಇವೆಲ್ಲ ರಸ್ತೆ ಒತ್ತುವರಿ. ಕತ್ತಲಲ್ಲಿ ಬೈಕಿನವರು ಅದಕ್ಕೆ ಗುದ್ದಿ ಬಿದ್ದರೆ ಹೊಣೆ ಇಟ್ಟವರದು.

ಗೇಟಿಗೆ ಅಡ್ಡ ನಿಂತ ಗಾಡಿಗೆ ಮೊದಲು ಹಾರ್ನ್ ಅಲ್ಲ, ಅಕ್ಕಪಕ್ಕ ವಿಚಾರಿಸಿ. ಗಾಡಿಯವರು ಸಿಗದಿದ್ದರೆ ನಂಬರ್ ಪ್ಲೇಟ್ ಮತ್ತು ನಿಮ್ಮ ಗೇಟು ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದು 112ಕ್ಕೆ ಕರೆ ಮಾಡಿ. ಗಾಡಿ ಮಾತ್ರ ಕಾಣುವ ಫೋಟೊದಿಂದ ಅಡಚಣೆ ಸಾಬೀತಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ತಿಂಗಳುಗಟ್ಟಲೆ ಬಿಟ್ಟು ಹೋಗುವುದಾದರೆ

ಊರಿಗೆ, ಮಕ್ಕಳ ಮನೆಗೆ, ಹೊರದೇಶಕ್ಕೆ ಹೋಗುವಾಗ ಕಾರನ್ನು ರಸ್ತೆಯಲ್ಲಿ ಬಿಟ್ಟರೆ ಅದು ನಿಧಾನವಾಗಿ ‘ವಾರಸುದಾರರಿಲ್ಲದ ಗಾಡಿ’ಯ ರೂಪ ಪಡೆಯುತ್ತದೆ. ಪೊಲೀಸರು ನೋಡುವ ಗುರುತುಗಳು ಸರಳ: ಕುಸಿದ ಟಯರು, ಕೆಳಗೆ ರಾಶಿಬಿದ್ದ ಎಲೆ, ದೂಳು ಮುಚ್ಚಿದ ಗಾಜು, ಮುಗಿದ ವಿಮೆ. ಇವು ನಾಲ್ಕೂ ಬಾರದಂತೆ ನೋಡಿಕೊಂಡರೆ ಸಾಕು. ಸಾಧ್ಯವಿದ್ದರೆ ಪರಿಚಿತರ ಕಾಂಪೌಂಡಿನೊಳಗೆ ಅಥವಾ ಹಣ ಕೊಟ್ಟು ನಿಲ್ಲಿಸುವ ಜಾಗದಲ್ಲಿ ಬಿಡಿ, ಅದೇ ಉತ್ತಮ. ಆಗದಿದ್ದರೆ ಮುಂದಿನಂತೆ ಮಾಡಿ.

ವಿಮೆ ಮೊದಲು. ಸಾರ್ವಜನಿಕ ಸ್ಥಳದಲ್ಲಿ ಬಳಸುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎನ್ನುತ್ತದೆ ಕಲಂ 146. ‘ಓಡಿಸುತ್ತಿಲ್ಲವಲ್ಲ’ ಎಂಬ ಸಮಜಾಯಿಷಿಯನ್ನು ನಂಬಿಕೊಳ್ಳಬೇಡಿ. ರಾಷ್ಟ್ರೀಯ ಹೆದ್ದಾರಿ 4ರ ಪಕ್ಕದಲ್ಲಿ ಉರುಳಿ ಬಿದ್ದು ಗಂಟೆಗಳ ನಂತರ ಸ್ಫೋಟಿಸಿದ ಪೆಟ್ರೋಲ್ ಟ್ಯಾಂಕರಿನ ಪ್ರಕರಣದಲ್ಲಿ, ಚಲಿಸದೆ ಇರುವ ಗಾಡಿಯೂ ‘ಬಳಕೆ’ಯಲ್ಲಿರುವುದೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ವಿಮೆ ಇಲ್ಲದೆ ಬಳಸಿದರೆ ಕಲಂ 196ರಂತೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಸಮಗ್ರ ವಿಮೆಯನ್ನೇ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಗಾಳಿ ಮಳೆಗೆ ಬೆಂಗಳೂರಿನ ಗುಲ್‌ಮೊಹರ್, ಮಳೆಮರಗಳ ಕೊಂಬೆ ಮುರಿದು ಬೀಳುವುದು ಮಾಮೂಲು, ಥರ್ಡ್ ಪಾರ್ಟಿ ವಿಮೆ ಆ ನಷ್ಟ ತುಂಬುವುದಿಲ್ಲ. ಅವಧಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ.

ಬ್ಯಾಟರಿ. ನಿಂತ ಕಾರಿನಲ್ಲಿಯೂ ಅಲಾರಂ, ಗಡಿಯಾರ, ಕಂಪ್ಯೂಟರ್ ಅಷ್ಟಿಷ್ಟು ವಿದ್ಯುತ್ ಎಳೆಯುತ್ತಿರುತ್ತವೆ. 50 ಮಿಲಿಆಂಪಿಯರ್ ಎಂದು ಹಿಡಿದರೆ ದಿನಕ್ಕೆ 1.2 ಆಂಪಿಯರ್ ಗಂಟೆ. ಸಣ್ಣ ಕಾರಿನ 35 ಆಂಪಿಯರ್ ಗಂಟೆಯ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ, ಹಳೆಯ ಬ್ಯಾಟರಿಯಾದರೆ ಅಷ್ಟರಲ್ಲೇ ಸೆಲ್ಫ್ ಎತ್ತುವುದಿಲ್ಲ. ಮೂರು ವಾರಕ್ಕಿಂತ ಹೆಚ್ಚು ಬಿಡುವುದಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಬಿಚ್ಚಿದ ಮೇಲೆ ರಿಮೋಟ್ ಲಾಕ್, ಅಲಾರಂ ಕೆಲಸ ಮಾಡುವುದಿಲ್ಲ, ಬಾಗಿಲನ್ನು ಕೀಲಿಯಿಂದ ಹಾಕಿ ಎಳೆದು ನೋಡಿ.

ಟಯರಿಗೆ ಮಾಮೂಲಿಗಿಂತ 3ರಿಂದ 5 ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿ. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಮಳೆಗಾಲದಲ್ಲಿ ಬ್ರೇಕ್ ಶೂ ತುಕ್ಕುಹಿಡಿದು ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಮೊದಲ ಗೇರಿನಲ್ಲಿಟ್ಟು ಎರಡು ಚಕ್ರಕ್ಕೆ ಮರದ ತುಂಡು ಅಥವಾ ಚೋಕ್ ಕೊಡಿ, ರಸ್ತೆಯಿಂದ ಹೆಕ್ಕಿದ ಕಲ್ಲು ಬೇಡ, ಗಾಡಿ ತೆಗೆದವರು ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ವೈಪರ್ ಬುಡದ ಜಾಲರಿಯಲ್ಲಿ ಒಣಎಲೆ ತುಂಬಿ ನೀರು ಹೋಗುವ ತೂತು ಮುಚ್ಚಿಕೊಂಡರೆ ಮಳೆನೀರು ಬ್ಲೋವರಿಗೂ ಕಾಲ್ಚಾಪೆಯ ಕೆಳಗೂ ಇಳಿಯುತ್ತದೆ. ಹೊರಗೆ ನಿಂತ ಕಾರಿನೊಳಗೆ ಮುಗ್ಗಲು ವಾಸನೆ ಬರುವುದಕ್ಕೆ ಸಾಮಾನ್ಯ ಕಾರಣ ಇದು. ಹೋಗುವ ಮುನ್ನ ಕೈಯಿಂದ ಎಲೆ ತೆಗೆದು ಒಂದು ತಂಬಿಗೆ ನೀರು ಸುರಿದು ಕೆಳಗೆ ಹರಿಯುತ್ತದೆಯೇ ನೋಡಿ. ಇಲಿಗೆ ಬಾನೆಟ್ಟಿನೊಳಗೆ ನುಸಿಗುಳಿಗೆಯ ಪೊಟ್ಟಣ ಕಟ್ಟುವವರುಂಟು. ಅದರ ವಾಸನೆ ಕೆಲವು ವಾರಗಳಲ್ಲಿ ಹಾರಿಹೋಗುತ್ತದೆ. ಕಾರಿನೊಳಗೆ ತಿಂಡಿಯ ಚೂರು ಇಲ್ಲದಿರುವುದು ಮತ್ತು ಹತ್ತಿರ ಕಸ ಬೀಳದಿರುವುದೇ ಹೆಚ್ಚು ಕೆಲಸ ಮಾಡುತ್ತದೆ.

ಹೊದಿಕೆ ಹಾಕಿದರೆ ನಂಬರ್ ಪ್ಲೇಟ್ ಕಾಣುವಂತಿರಲಿ. ಮುಂಗಾಜಿನ ಒಳಬದಿ ಒಂದು ಚೀಟಿ ಇಡಿ: ಗಾಡಿ ಯಾರ ಸುಪರ್ದಿಯಲ್ಲಿದೆ, ಸರಿಸಬೇಕಾದರೆ ಯಾರಿಗೆ ಕರೆ ಮಾಡಬೇಕು. ನಿಜವಾಗಿ ಫೋನ್ ಎತ್ತುವವರ ನಂಬರನ್ನೇ ಬರೆಯಿರಿ, ಕೀಲಿಯೂ ಅವರ ಬಳಿಯೇ ಇರಲಿ, ಅವರಿಗೆ ಚಾಲನಾ ಪರವಾನಗಿ ಇರಲಿ. ಬ್ಯಾಟರಿ ಬಿಚ್ಚದೆ ಬಿಟ್ಟರೆ ವಾರಕ್ಕೊಮ್ಮೆ 15ರಿಂದ 20 ನಿಮಿಷ ಓಡಿಸಿ ಜಾಗ ಬದಲಿಸಿ ನಿಲ್ಲಿಸಲು ಹೇಳಿ. ರಸ್ತೆಗೆ ಟಾರು ಹಾಕುವಾಗ, ಮೋರಿ ಹೂಳು ತೆಗೆಯುವಾಗ, ಕೇಬಲ್ ಅಗೆಯುವಾಗ ಗಾಡಿ ಸರಿಸುವವರು ಇಲ್ಲದಿರುವುದೇ ಬಡಾವಣೆಗೆ ನಿಮ್ಮಿಂದಾಗುವ ದೊಡ್ಡ ತೊಂದರೆ.

ಐದನೇ ಹೆಜ್ಜೆ: ನಿಮ್ಮದೇ ಹಳೆಯ ಗಾಡಿ

ಓಡದ ಗಾಡಿಯನ್ನು ‘ಇರಲಿ’ ಎಂದು ರಸ್ತೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಸಮರ್ಥನೆ ಇಲ್ಲ. ಅದರ ಸುತ್ತ ಕಸ ಬೀಳತೊಡಗುತ್ತದೆ, ಟಯರು ಮತ್ತು ತುಕ್ಕುಹಿಡಿದ ಕುಳಿಗಳಲ್ಲಿ ಮಳೆನೀರು ನಿಂತು ಸೊಳ್ಳೆಮರಿಯಾಗುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಎಡೆಮಾಡಿಕೊಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಪಡಿಸಿದೆ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ 5 ವರ್ಷಕ್ಕೊಮ್ಮೆ ನವೀಕರಣ. 15 ವರ್ಷ ದಾಟಿದ ಕಾರಿಗೆ ಕೇಂದ್ರ ನಿಗದಿಪಡಿಸಿದ ನವೀಕರಣ ಶುಲ್ಕ 5,000 ರೂಪಾಯಿ, 20 ದಾಟಿದರೆ 10,000. ಇದಕ್ಕೆ ರಿಪೇರಿ ಖರ್ಚು ಕೂಡಿಸಿ. ಕೂಡಿದ ಮೊತ್ತ ಗಾಡಿಯ ಬೆಲೆಗಿಂತ ಹೆಚ್ಚಾದರೆ ಗುಜರಿಗೆ ಕೊಡುವುದೇ ಸರಿ.

ಆದರೆ ಬೀದಿಯ ಗುಜರಿ ಅಂಗಡಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಚಾಸಿ ಸಂಖ್ಯೆ ಇನ್ನೊಂದು ಗಾಡಿಗೆ ಸೇರಿಕೊಂಡರೆ ದಾಖಲೆಯಲ್ಲಿ ಮಾಲೀಕರು ನೀವೇ. 2021ರ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರಕ್ಕೇ ಕೊಡಿ. ಮೂಲ ಆರ್‌ಸಿ, ಗುರುತಿನ ಚೀಟಿ ಬೇಕು. ಸಾಲದ ನಮೂದು ಇದ್ದರೆ ಮೊದಲು ಬ್ಯಾಂಕಿನಿಂದ ಫಾರಂ 35 ತಂದು ತೆಗೆಸಿ. ಬಾಕಿ ದಂಡಗಳನ್ನು ಕಟ್ಟಿಬಿಡಿ. ಕೇಂದ್ರದವರು ಗಾಡಿ ಕಳವಿನದಲ್ಲ ಎಂದು ದಾಖಲೆ ನೋಡಿಕೊಂಡು, ಗಾಡಿ ಗುಜರಿಗೆ ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿರುವುದು ಈ ಪತ್ರದ ಆಧಾರದ ಮೇಲೆ. ಗಾಡಿ ಶಾಶ್ವತವಾಗಿ ನಿರುಪಯುಕ್ತವಾದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂಬುದು ಕಲಂ 55.

ಮಾರುವುದಾದರೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಲಿಲ್ಲ, ಹೆಸರು ಬದಲಾಗಿದೆಯೇ ಎಂದು ಗಾಡಿಗಳ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಆರನೇ ಹೆಜ್ಜೆ: ಬೇರೆಯವರು ಬಿಟ್ಟುಹೋದ ಗಾಡಿ

ಎಂಪರಿವಾಹನ್‌ನಲ್ಲಿ ನಂಬರ್ ಹಾಕಿದರೆ ವಿಮೆ, ನೋಂದಣಿ ಯಾವಾಗ ಮುಗಿದಿದೆ ಎಂಬುದು ಸಿಗುತ್ತದೆ. ಮಾಲೀಕರ ಹೆಸರು ಅರ್ಧ ಮರೆಮಾಡಿರುತ್ತದೆ, ಅದನ್ನು ಹುಡುಕಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ನಿಮ್ಮ ಕೆಲಸವಲ್ಲ. ಟಯರು ನೆಲಕ್ಕೆ ತಾಗುವಲ್ಲಿ ಟಯರಿನ ಮೇಲೂ ರಸ್ತೆಯ ಮೇಲೂ ಒಂದೇ ಸಾಲಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಒಂದು ವಾರ ಬಿಟ್ಟು ಇನ್ನೊಂದು. ಗೆರೆ ಕೂಡಿಯೇ ಇದ್ದರೆ ಗಾಡಿ ಕದಲಿಲ್ಲ ಎಂಬುದಕ್ಕೆ ಅದಕ್ಕಿಂತ ಸರಳ ಪುರಾವೆ ಬೇಕಿಲ್ಲ. ಮಳೆ ಬಂದರೆ ಮತ್ತೆ ಎಳೆಯಿರಿ.

ನಂಬರ್ ಪ್ಲೇಟ್ ಇಲ್ಲದಿದ್ದರೆ, ಗಾಜು ಒಡೆದಿದ್ದರೆ, ಒಳಗೆ ಅನುಮಾನಾಸ್ಪದ ವಸ್ತು ಕಂಡರೆ ಮುಟ್ಟದೆ 112ಕ್ಕೆ ಕರೆ ಮಾಡಿ. ಉಳಿದವಕ್ಕೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್ ಮತ್ತು ಪಾಲಿಕೆಯ 1533 ಸಹಾಯವಾಣಿ ಎರಡರಲ್ಲೂ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳಿವೆ, ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಎಂದು ನೋಡಿಯೇ ವಿಳಾಸ ಬರೆಯಿರಿ. ಹಾಗೆಯೇ ಕಾನೂನು ಸುವ್ಯವಸ್ಥೆ ಠಾಣೆ ಬೇರೆ, ಸಂಚಾರ ಠಾಣೆ ಬೇರೆ. ತಪ್ಪು ಠಾಣೆಗೆ ಕೊಟ್ಟ ಅರ್ಜಿ ಅಲ್ಲೇ ಕೂರುತ್ತದೆ.

ಲಿಖಿತ ದೂರಿನಲ್ಲಿ ಕೋಪ ಬೇಡ, ವಿವರ ಬೇಕು. ಹೀಗೆ ಬರೆಯಬಹುದು:

‘ಪೊಲೀಸ್ ಇನ್‌ಸ್ಪೆಕ್ಟರ್ ಅವರಿಗೆ, ಸಂಚಾರ ಪೊಲೀಸ್ ಠಾಣೆ. ಮಾನ್ಯರೇ, ಇಂಥ ಬಡಾವಣೆಯ ಇಂಥ ಕ್ರಾಸಿನಲ್ಲಿ, ಇಂಥ ಮನೆ ಸಂಖ್ಯೆಯ ಎದುರು, ಇಂಥ ನೋಂದಣಿ ಸಂಖ್ಯೆಯ ಬಿಳಿ ಬಣ್ಣದ ಕಾರು ಇಂಥ ದಿನಾಂಕದಿಂದ ಕದಲದೆ ನಿಂತಿದೆ. ನಾಲ್ಕೂ ಟಯರು ಕುಸಿದಿವೆ. ರಸ್ತೆಯ ಟಾರಿನ ಅಗಲ 5.8 ಮೀಟರ್ ಇದ್ದು, ಈ ವಾಹನ ಹಾಗೂ ಎದುರಿನ ಕಂಬದ ನಡುವೆ 2.4 ಮೀಟರ್ ಮಾತ್ರ ಉಳಿದಿದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 122 ಮತ್ತು 127ರಂತೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ. ಎರಡು ದಿನಾಂಕಗಳ ಫೋಟೊ ಲಗತ್ತಿಸಿದೆ.’

ಮೂರ್ನಾಲ್ಕು ಮನೆಯವರು ಸಹಿ ಹಾಕಿ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ಮೊದಲು ಗಾಡಿಯ ಮೇಲೆ ನೋಟಿಸ್ ಅಂಟಿಸಿ ಗಡುವು ಕೊಡುತ್ತಾರೆ, ಅದು ಮುಗಿದ ಮೇಲೆ ಎತ್ತುತ್ತಾರೆ. ನೋಟಿಸನ್ನು ಯಾರಾದರೂ ಕಿತ್ತುಹಾಕುವುದುಂಟು, ಅಂಟಿಸಿದ ದಿನವೇ ಫೋಟೊ ತೆಗೆದಿಡಿ.

ತಿಂಗಳಾದರೂ ಏನೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಉದ್ದುದ್ದ ಬರೆದು ತಿರಸ್ಕಾರವಾದ ಅರ್ಜಿಗಳಿಗೆ ಲೆಕ್ಕವಿಲ್ಲ. ‘ನನ್ನ ಇಂಥ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ’ ಎಂದು ಕೇಳಿದರೆ ಸಾಕು. ಅಪಾಯ ಗಂಭೀರವಾಗಿದ್ದರೆ, ಅಡಚಣೆ ತೆಗೆಸುವ ಆದೇಶ ಕೋರಿ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆಯೂ ಹೋಗಬಹುದು.

ಗ್ಯಾರೇಜಿನವರು, ಹಳೆ ಕಾರು ಮಾರುವವರು ಮನೆಗಳ ಎದುರು ಸಾಲಾಗಿ ಗಾಡಿ ನಿಲ್ಲಿಸಿದ್ದರೆ ದೂರಿನ ದಾರಿ ಬೇರೆ. ಅದು ಒಂದೊಂದು ಗಾಡಿಯ ಪ್ರಶ್ನೆಯಲ್ಲ, ವ್ಯಾಪಾರದ ಪ್ರಶ್ನೆ. ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಬರೆದು ಉದ್ದಿಮೆ ಪರವಾನಗಿ ಇದೆಯೇ, ಅದು ಯಾವ ಜಾಗಕ್ಕೆ ಎಂದು ಪರಿಶೀಲಿಸಲು ಕೋರಿ. ರಾತ್ರಿ ಟೆಂಪೊ, ಲಾರಿ, ಶಾಲಾ ಬಸ್ಸು ನಿಲ್ಲುವ ರಸ್ತೆಯಲ್ಲಿ ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲಕ ಇದೆಯೇ ನೋಡಿ. ಬೀದಿದೀಪ ಕೆಟ್ಟ ರಾತ್ರಿ ಬೈಕಿನವರ ಜೀವ ಉಳಿಸುವುದು ಅದೇ.

ನಿಮ್ಮ ಗಾಡಿಯನ್ನೇ ಎತ್ತಿಕೊಂಡು ಹೋಗಿದ್ದರೆ

ಕಳವಾಗಿದೆ ಎಂದು ದೂರು ಕೊಡುವ ಮೊದಲು 112ಕ್ಕೆ, ಆಮೇಲೆ ಸಂಚಾರ ಠಾಣೆಗೆ ನಂಬರ್ ಹೇಳಿ ವಿಚಾರಿಸಿ. ಆರ್‌ಸಿ, ವಿಮೆ, ಪರವಾನಗಿ, ಗುರುತಿನ ಚೀಟಿ ಒಯ್ಯಿರಿ. ಹಣ ಕಟ್ಟುವ ಮೊದಲು ಯಾವ ಕಲಂ, ಎಷ್ಟು ದಂಡ, ಎಷ್ಟು ಎಳೆದೊಯ್ದ ಖರ್ಚು ಎಂದು ಬಿಡಿಬಿಡಿಯಾಗಿ ರಸೀದಿಯಲ್ಲಿ ಕೇಳಿ. ಗಾಡಿಯ ಸುತ್ತ ಒಮ್ಮೆ ನಡೆದು ಬಂಪರ್, ಬಾಗಿಲು, ಚಕ್ರದ ರಿಮ್ಮು ನೋಡಿ, ಹೊಸ ಗೀರು ಇದ್ದರೆ ಅಲ್ಲೇ ಫೋಟೊ ತೆಗೆದು ಲಿಖಿತವಾಗಿ ಕೊಡಿ. ಹೊರಗೆ ಬಂದ ಮೇಲೆ ಹೇಳಿದ ಮಾತು ನಿಲ್ಲುವುದಿಲ್ಲ. ತಡಮಾಡಬೇಡಿ. ವಾರಸುದಾರರು ಬಾರದ ಜಪ್ತಿ ಸ್ವತ್ತಿಗೆ ಮ್ಯಾಜಿಸ್ಟ್ರೇಟರು 6 ತಿಂಗಳೊಳಗೆ ಹಕ್ಕು ಹೇಳಿಕೊಳ್ಳುವಂತೆ ಪ್ರಕಟಣೆ ಹೊರಡಿಸಬಹುದು, ಆಮೇಲೆ ಅದು ಹರಾಜಿಗೆ ಹೋಗುತ್ತದೆ.

ಅಪಾರ್ಟ್‌ಮೆಂಟಿನ ಆವರಣದೊಳಗೆ ವಿಷಯ ಬೇರೆ. ತೆರೆದ ಜಾಗ ಮತ್ತು ಸ್ಟಿಲ್ಟ್ (ಕಟ್ಟಡದಡಿ ಕಂಬಗಳ ನಡುವಿನ) ನಿಲುಗಡೆ ಎಲ್ಲರಿಗೂ ಸೇರಿದ ಭಾಗ, ಬಿಲ್ಡರ್ ಅದನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಅಲ್ಲಿ ಹಂಚಿಕೆ ಮಾಡುವುದು ಸಂಘದ ಬೈಲಾ. ಕೆಟ್ಟು ನಿಂತ ಗಾಡಿಗೆ ಎಷ್ಟು ದಿನದ ನೋಟಿಸ್, ಆಮೇಲೆ ಏನು ಎಂಬುದನ್ನು ವಾರ್ಷಿಕ ಸಭೆಯಲ್ಲಿ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಗಾಡಿ ಬಂದು ನಿಂತ ಮೇಲೆ ಮಾಡಿದ ನಿಯಮವನ್ನು ಆ ಗಾಡಿಯವರು ಒಪ್ಪುವುದು ಕಷ್ಟ.